ದೋಷಗಳ ಕಡತ ಯಾರ ವಶದಲ್ಲಿ?



ಹಲವು ದೇಶಗಳ ಜನರು, ಬಹುಪಾಲು ಸಂಬಳದ ಆಸೆಯಿಲ್ಲದೆ, ಕೂಡಿ ರಚಿಸುವ ಮುಕ್ತ ತಂತ್ರಾಂಶಕ್ಕೆ ಕಚೇರಿಯೂ ಇಲ್ಲ, ಮೇಲಧಿಕಾರಿಯೂ ಇಲ್ಲ. ಬಳಸುವವರು ಕಂಡ ದೋಷವು ತಿದ್ದುವವರ ಕಣ್ಣಿಗೆ ಬೀಳಬೇಕಾದರೆ ಅದು ಒಂದೆಡೆ ದಾಖಲಾಗಬೇಕು, ಅದಕ್ಕೊಂದು ಸಂಖ್ಯೆ ದೊರೆಯಬೇಕು. ಅದನ್ನು ಯಾರು ಕೈಗೆತ್ತಿಕೊಂಡರು, ಏಕೆ ಕೈಬಿಟ್ಟರು ಎಂಬುದು ಹತ್ತು ವರ್ಷಗಳ ಅನಂತರ ಬಂದವರಿಗೂ ತಿಳಿಯಬೇಕು. ಈ ಕಾರ್ಯದ ಸಾಧನಕ್ಕೆ ಇಶ್ಯೂ ಟ್ರ್ಯಾಕರ್ ಎಂದು ಹೆಸರು. ನಮ್ಮ ಹಳ್ಳಿಗಳ ಶಾನುಭೋಗರ ಕಡತವನ್ನು ಬಲ್ಲವರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಇಂಥ ಸಾಧನವನ್ನು ಆರಿಸುವಾಗ ಜನರು ಮೊದಲು ನೋಡುವುದು ಅದರ ಸೌಲಭ್ಯಗಳನ್ನು. ಆದರೆ ಅದನ್ನು ನೋಡಿಕೊಳ್ಳುವವರು ಯಾರು, ನಾಳೆ ಅದನ್ನು ಬಿಟ್ಟು ಹೊರಡುವಾಗ ಕಡತವನ್ನು ಇಡಿಯಾಗಿ ಒಯ್ಯಬಹುದೆ ಎಂಬ ಎರಡು ಪ್ರಶ್ನೆಗಳೇ ಮುಖ್ಯವೆಂದು ನನ್ನ ಅಭಿಪ್ರಾಯ. ಪೈಥಾನ್ ಭಾಷೆಯ ಬಳಗಕ್ಕೆ ಒದಗಿದ ಧರ್ಮಸಂಕಟವನ್ನು ನೋಡಿ. ೨೦೦೬ರಲ್ಲಿ ಅದು ಸೋರ್ಸ್‌ಫೋರ್ಜ್ ಸೇವೆಯನ್ನು ತೊರೆಯಲು ನಿಶ್ಚಯಿಸಿ ಜೀರಾ, ರೌಂಡಪ್, ಲಾಂಚ್‌ಪ್ಯಾಡ್, ಟ್ರಾಕ್ ಎಂಬ ನಾಲ್ಕನ್ನು ಪರೀಕ್ಷಿಸಿತು. ಜೀರಾ ಖಾಸಗಿ ಸ್ವಾಮ್ಯದ್ದು. ಆದರೆ ಅದನ್ನು ಉಚಿತವಾಗಿ ನಡೆಸಿಕೊಡುವ ಕೊಡುಗೆಯಿತ್ತು. ರೌಂಡಪ್ ಮುಕ್ತವಾದುದು, ಪೈಥಾನಿನಲ್ಲಿಯೇ ಬರೆದದ್ದು. ಅದರ ಪಾಲನೆಯ ಭಾರ ಮಾತ್ರ ಬಳಗದ ಹೆಗಲಿಗೇ ಬೀಳುತ್ತಿತ್ತು. ಸಮಿತಿಯ ಶಿಫಾರಸು ಜೀರಾಕ್ಕೆ. ಆರರಿಂದ ಹತ್ತು ಮಂದಿ ಸ್ವಯಂಸೇವಕರು ಮುಂದೆ ಬಂದರೆ ರೌಂಡಪ್ ಆಗಬಹುದೆಂಬ ಷರತ್ತೂ ಜೊತೆಗಿತ್ತು. ಜನ ಬಂದರು. ೨೦೦೭ರಲ್ಲಿ ರೌಂಡಪ್ ನೆಲೆಗೊಂಡಿತು. ಆದರ್ಶವನ್ನು ಮಾತಿನಲ್ಲಿ ಬಿಡದೆ ಆಳುಗಳ ಲೆಕ್ಕದಲ್ಲಿ ಕೇಳಿದ ಆ ಸಮಿತಿಯ ಜಾಣ್ಮೆ ನನಗೆ ಬಹಳ ಮೆಚ್ಚುಗೆ.

ಡೆಬಿಯನ್ ಬಳಗದ ಹಾದಿಯೇ ಬೇರೆ. ಅಲ್ಲಿ ೧೯೯೦ರ ದಶಕದಿಂದಲೂ ಮಿಂಚಂಚೆಯ ಮೂಲಕವೇ ದೋಷವನ್ನು ತಿಳಿಸಬಹುದು. ಖಾತೆ ತೆರೆಯುವ ಅಗತ್ಯವಿಲ್ಲ. ನೋಟಕ್ಕೆ ಹಳತು, ಆದರೆ ಗಟ್ಟಿಮುಟ್ಟು.

ಕಾಲಕ್ರಮದಲ್ಲಿ ರೌಂಡಪ್ ನೋಡಿಕೊಳ್ಳುವವರು ಕೆಲವರೇ ಉಳಿದರು. ೨೦೧೭ರಲ್ಲಿ ಪೈಥಾನಿನ ಮೂಲಸಂಕೇತವೇ ಗಿಟ್‌ಹಬ್‌ಗೆ ಹೋಗಿತ್ತು. ಕಡತವೂ ಅಲ್ಲಿಗೇ ಹೋಗಲಿ ಎಂಬ ಪ್ರಸ್ತಾವ ೨೦೧೮ರಲ್ಲಿ ಬಂದಿತು. ಗಿಟ್‌ಹಬ್ ಅದೇ ವರ್ಷ ಮೈಕ್ರೋಸಾಫ್ಟ್‌ನ ಸ್ವತ್ತಾಯಿತೆಂಬುದನ್ನು ನೆನೆದರೆ ವಿರೋಧ ಅಸಹಜವೆನಿಸದು. ರೌಂಡಪ್ಪನ್ನೇ ಸುಧಾರಿಸೋಣವೆಂದು ಪ್ರತಿಪ್ರಸ್ತಾವ ಬರೆದವರಲ್ಲೊಬ್ಬರೇ, ನಿರ್ಣಯ ತಮ್ಮ ಪಕ್ಷಕ್ಕೆ ಒಲಿಯದಿದ್ದರೂ, ಮುಂದೆ ಸ್ಥಳಾಂತರದ ಹೊಣೆ ಹೊತ್ತರು. ೨೦೨೨ರ ಏಪ್ರಿಲ್‌ನಲ್ಲಿ ಹತ್ತಾರು ಸಾವಿರ ದಾಖಲೆಗಳು ಹೊಸ ಮನೆ ಸೇರಿದವು.

ಪೈಥಾನಿನ ಸಂಕೇತದ ಹಳೆಯ ಟಿಪ್ಪಣಿಗಳಲ್ಲಿ ರೌಂಡಪ್ ಕಾಲದ ಸಂಖ್ಯೆಗಳು ಉದ್ದಕ್ಕೂ ನಮೂದಾಗಿವೆ. ಅವನ್ನು ಈಗ ಬದಲಿಸುವಂತಿಲ್ಲ. ಆದ್ದರಿಂದ ಹಳೆಯ ತಾಣವನ್ನು ಓದಲು ಮಾತ್ರ ತೆರೆದಿಟ್ಟು, ಅಲ್ಲಿನ ಸಂಖ್ಯೆಯಿಂದ ಹೊಸ ದಾಖಲೆಗೆ ದಾರಿ ಮಾಡಿಕೊಟ್ಟಿದ್ದಾರೆ.