ಬೇಕಾಯ್ತು, ಬೇಕಿತ್ತು

‘ಆಗಲೇ ಕೆಂಗೇರಿ ಕಡೆ ಒಂದು ಸೈಟು ತಗೋಬೇಕಿತ್ತು.’ ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದಲ್ಲಿ ಯಾರ ಮನೆಗೆ ಹೋಗಿ ಕೂತರೂ ಕಾಫಿ ಲೋಟ ಖಾಲಿಯಾಗುವಷ್ಟರಲ್ಲಿ ಈ ಮಾತು ಬಂದಿರುತ್ತದೆ. 2021ರ ಆಗಸ್ಟಿನಲ್ಲಿ ಮೆಟ್ರೊ ಮೈಸೂರು ರಸ್ತೆ ನಿಲ್ದಾಣ ದಾಟಿ ಕೆಂಗೇರಿ ಮುಟ್ಟಿದ ಮೇಲಂತೂ ಕೇಳುವುದೇ ಬೇಡ.

ಇದೇ ಕೊರಗನ್ನು ಇಂಗ್ಲಿಷಿನಲ್ಲಿ ಹೇಳಹೊರಟರೆ ನಮ್ಮ ಬಾಯಿಗೆ ಥಟ್ಟನೆ ಬರುವುದು ‘ಐ ಹ್ಯಾಡ್ ಟು ಬೈ ಎ ಸೈಟ್’. ಕೇಳಿದ ಇಂಗ್ಲಿಷಿನವನು ಏನೆಂದುಕೊಳ್ಳುತ್ತಾನೆ? ಪಾಪ, ಮನಸ್ಸಿಲ್ಲದಿದ್ದರೂ ಕೊಂಡಿದ್ದಾರೆ ಎಂದು! (ನಮ್ಮ ‘ಸೈಟು’ ಅವನಿಗೆ ಅರ್ಥವಾಗುತ್ತದೆಯೇ ಎಂಬುದು ಬೇರೆ ಮಾತು.)

ಸೊಗಸೆಂದರೆ, ಈ ವ್ಯತ್ಯಾಸ ಕನ್ನಡಕ್ಕೆ ಹೊಸದೇನಲ್ಲ. ‘ತಗೋಬೇಕಾಯ್ತು’ ಎಂದರೆ ನೋಂದಣಿ ಮುಗಿದಿದೆ, ದುಡ್ಡು ಕೈಬಿಟ್ಟಿದೆ. ‘ತಗೋಬೇಕಿತ್ತು’ ಎಂದರೆ ಕೈ ಬರಿದು. ‘ಆಯ್ತು’ ಎಂಬಲ್ಲಿ ಕೆಲಸ ನಡೆದಿದೆ. ‘ಇತ್ತು’ ಎಂಬಲ್ಲಿ ಅಗತ್ಯ ಮಾತ್ರ ಇತ್ತು. ಹ್ಯಾಡ್ ಟು ನಮ್ಮ ಬೇಕಾಯ್ತು, ಶುಡ್ ಹ್ಯಾವ್ ನಮ್ಮ ಬೇಕಿತ್ತು: ‘ಐ ಶುಡ್ ಹ್ಯಾವ್ ಬಾಟ್ ಎ ಸೈಟ್’. ಆದರೆ ‘ಆಸ್ಪತ್ರೆಗೆ ಹೋಗಬೇಕಿತ್ತು, ಅದಕ್ಕೇ ಬರಲಿಲ್ಲ’ ಎನ್ನುವಾಗ ಕೊರಗಿಲ್ಲ, ಅಲ್ಲಿ ಹ್ಯಾಡ್ ಟು ಸಲ್ಲುತ್ತದೆ. ‘ಮಾರಬಾರದಿತ್ತು’ ಎಂದು ಹಲುಬಲು ‘ಶುಡ್ ನಾಟ್ ಹ್ಯಾವ್ ಸೋಲ್ಡ್’. ಶಾಲೆಯಲ್ಲಿ ಗೋ, ವೆಂಟ್, ಗಾನ್ ಎಂದು ಉರು ಹೊಡೆದೆವಲ್ಲ, ಆ ಮೂರನೆಯ ರೂಪಕ್ಕೆ ಇಲ್ಲಿ ಕೆಲಸ. ‘ಶುಡ್ ಹ್ಯಾವ್ ವೆಂಟ್’ ಎಂದರೆ ತಪ್ಪು, ಆ ತಪ್ಪನ್ನು ಇಂಗ್ಲಿಷ್ ಮನೆಮಾತಿನವರೂ ಮಾಡುತ್ತಾರೆ.

ಕೆಂಗೇರಿಗೆ ಹೋಗುವ ದಾರಿಯಲ್ಲೇ, ಜ್ಞಾನಭಾರತಿ ಆವರಣದಲ್ಲಿ, 1963ರಲ್ಲಿ ಆರಂಭವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಿದೆ. ಇಂಗ್ಲಿಷ್ ಮೇಷ್ಟರಿಗೇ ಪಾಠ ಹೇಳುವ ಜಾಗ. ಆದರೆ ಈ ಒಂದು ಪಾಠಕ್ಕೆ, ನನ್ನ ಕೇಳಿದರೆ, ಮನೆಯ ಜಗಲಿಯೇ ಸಾಕು.

‘ತಗೊಂಡಿದ್ದಿದ್ದರೆ ಇವತ್ತು ಬಾಡಿಗೆ ಕಟ್ಟುತ್ತಿರಲಿಲ್ಲ’ ಎಂಬುದನ್ನೇ ನೋಡಿ. ‘ಇಫ್ ಐ ಹ್ಯಾಡ್ ಬಾಟ್ ಇಟ್, ಐ ವುಡ್ ನಾಟ್ ಬಿ ಪೇಯಿಂಗ್ ರೆಂಟ್ ಟುಡೇ.’ ಷರತ್ತಿನ ಕಡೆ ಹ್ಯಾಡ್, ಫಲದ ಕಡೆ ವುಡ್. ‘ಇಫ್ ಐ ವುಡ್ ಹ್ಯಾವ್’ ಎಂದು ವುಡ್ಡನ್ನು ಷರತ್ತಿನೊಳಕ್ಕೆ ನುಗ್ಗಿಸಬಾರದು. ಕನ್ನಡದಲ್ಲಿ ನಾವು ‘ಇದ್ದಿದ್ದರೆ’ಯನ್ನೂ ‘ತ್ತಿರಲಿಲ್ಲ’ವನ್ನೂ ಅದಲುಬದಲು ಮಾಡುವುದುಂಟೇ? ‘ಐ ವಿಶ್ ಐ ಹ್ಯಾಡ್ ಬಾಟ್ ಇಟ್’ ಎಂಬುದು ಇನ್ನೂ ನಾಜೂಕು. ಕೊರಗು ಇವತ್ತಿನದು, ಆದ್ದರಿಂದ ವಿಶ್ ವರ್ತಮಾನದಲ್ಲೇ ನಿಲ್ಲುತ್ತದೆ. ಕೈತಪ್ಪಿದ ಸೈಟು ಮಾತ್ರ ಒಂದು ಮೆಟ್ಟಿಲು ಹಿಂದಕ್ಕೆ, ಹ್ಯಾಡ್ ಬಾಟ್ ಎಂಬಲ್ಲಿಗೆ ಸರಿಯುತ್ತದೆ.

ಇಷ್ಟೆಲ್ಲ ಹೊಂದಿಸಿಕೊಂಡ ಮೇಲೂ ಒಂದು ಉಳಿಯುತ್ತದೆ. ಇದ್ದ ಸೈಟನ್ನು ಅಗ್ಗಕ್ಕೆ ಮಾರಿ ಬಂದ ಯಜಮಾನರಿಗೆ ಮನೆಯಾಕೆ ಒಳಗಿನಿಂದಲೇ ಕೇಳುತ್ತಾರಲ್ಲ, ‘ಬೇಕಿತ್ತಾ ಇದು ನಿಮಗೆ?’ ಎಂದು, ಅದಕ್ಕೆ ಯಾವ ಶುಡ್ ಹ್ಯಾವೂ ಒದಗುವುದಿಲ್ಲ.