ಜಾಣ ಮಗುವಿಗೆ ಡಬಲ್ ಪ್ರಮೋಷನ್: ಗಡಿಯಲ್ಲಿ ಲೆಕ್ಕವೇ ಬೇರೆ

ಹೊಸೂರು: ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವ ಮೊದಲೇ ಉತ್ತರ ಹೇಳಿಬಿಡುವ ಮಗು ಪ್ರತಿ ಶಾಲೆಯಲ್ಲೂ ಒಂದಾದರೂ ಇರುತ್ತದೆ. ‘ಇವನಿಗೆ ಈ ಕ್ಲಾಸಲ್ಲಿ ಕಲಿಯೋದು ಏನೂ ಉಳಿದಿಲ್ಲ ಸಾರ್, ಒಂದು ಕ್ಲಾಸ್ ಮುಂದೆ ಹಾಕ್ಬಿಡಿ’ ಎಂದು ಹೆತ್ತವರು ಕೇಳುವುದು, ‘ವಯಸ್ಸು ಸಾಲದಲ್ಲ’ ಎಂದು ಮುಖ್ಯೋಪಾಧ್ಯಾಯರು ತಲೆ ಕೆರೆದುಕೊಳ್ಳುವುದು ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಶಾಲೆಗಳಿಗೂ ಹೊಸದಲ್ಲ.

ಹಿಂದಿನವರು ಇದನ್ನು ಡಬಲ್ ಪ್ರಮೋಷನ್ ಎನ್ನುತ್ತಿದ್ದರು. ಮಗು ಜಾಣನಾದರೆ ಒಂದು ವರ್ಷ ಉಳಿಯಿತು ಎಂಬುದು ಸರಳ ಲೆಕ್ಕ. ಆದರೆ ಮಗುವನ್ನು ಇಡಿಯಾಗಿ ಮೇಲಿನ ತರಗತಿಗೆ ಏರಿಸುವುದು ಬೇರೆ, ಅದು ಮುಂದಿರುವ ಒಂದು ವಿಷಯದಲ್ಲಿ ಮಾತ್ರ ಮುಂದಕ್ಕೆ ಬಿಡುವುದು ಬೇರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು, ಇಂಗ್ಲಿಷ್ ಎಂದು ನಾಲ್ಕು ಭಾಷೆಗಳ ನಡುವೆ ಬೆಳೆಯುವ ಇಲ್ಲಿನ ಮಕ್ಕಳಿಗೆ ಈ ವ್ಯತ್ಯಾಸ ಇನ್ನೂ ದೊಡ್ಡದು.

ತೊರಪಳ್ಳಿಯ ಹುಡುಗ

ಬೇಗ ಮುಂದೆ ಹೋದ ಮಕ್ಕಳ ಮಾತು ಬಂದರೆ ಉದಾಹರಣೆಗೆ ದೂರ ಹೋಗಬೇಕಿಲ್ಲ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರ ಡಿಸೆಂಬರ್ 10ರಂದು ಹುಟ್ಟಿದ ಸಿ. ರಾಜಗೋಪಾಲಾಚಾರಿ ಹೊಸೂರಿನ ಶಾಲೆಗೆ ಸೇರಿದಾಗ ಐದು ವರ್ಷದ ಬಾಲಕ. 1891ರಲ್ಲಿ ಮೆಟ್ರಿಕ್ಯುಲೇಷನ್ ಪಾಸಾದರು. 1894ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದು ಹೊರಬಂದರು. ಅಂದರೆ ಇಂದಿನ ಮಕ್ಕಳು ಹತ್ತನೇ ತರಗತಿ ಮುಗಿಸುವ ವಯಸ್ಸಿಗೆ ಅವರು ಪದವೀಧರರು!

ಅದೇ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಇನ್ನೊಬ್ಬರು ವಿಜ್ಞಾನಿ ಸಿ.ಎನ್.ಆರ್. ರಾವ್. ಚಿಕ್ಕಂದಿನಲ್ಲಿ ಅವರಿಗೆ ಮನೆಯೇ ಪಾಠಶಾಲೆ, ತಾಯಿಯೇ ಮೊದಲ ಗುರು. ಆರನೇ ವಯಸ್ಸಿಗೆ ನೇರವಾಗಿ ಮಾಧ್ಯಮಿಕ ಶಾಲೆ ಸೇರಿ, 1944ರಲ್ಲಿ ಹತ್ತನೇ ವಯಸ್ಸಿಗೆ ಲೋವರ್ ಸೆಕೆಂಡರಿ ಪರೀಕ್ಷೆಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದರು. 1951ರಲ್ಲಿ ಬಿ.ಎಸ್ಸಿ. ಪದವಿ ಕೈಗೆ ಬಂದಾಗ ಅವರಿಗೆ ಹದಿನೇಳು.

ಹೀಗಾಗಿ ‘ಬೇಗ ಮುಂದೆ ಹೋದರೆ ಮಗು ಕೆಟ್ಟುಹೋಗುತ್ತೆ’ ಎಂಬ ಮಾತಿನಲ್ಲಿ ಹುರುಳಿಲ್ಲ. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಎ ನೇಷನ್ ಡಿಸೀವ್ಡ್’ ಎಂಬ ವರದಿ ಆವರೆಗಿನ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ಇದನ್ನೇ ಹೇಳಿತು. ಸರಿಯಾಗಿ ಆರಿಸಿ ಮುಂದೆ ಹಾಕಿದ ಮಕ್ಕಳು ಓದಿನಲ್ಲಿ ಗೆಲ್ಲುತ್ತಾರೆ, ಸ್ನೇಹ-ಸಹವಾಸದಲ್ಲೂ ಸೋಲುವುದಿಲ್ಲ ಎಂಬುದು ಅದರ ಸಾರ. ಇಲ್ಲಿ ‘ಸರಿಯಾಗಿ ಆರಿಸಿ’ ಎಂಬ ಮಾತೇ ಮುಖ್ಯ.

ಉಳಿದ ವರ್ಷ ಎಲ್ಲಿ ಹೋಗುತ್ತೆ?

ರಾಜಾಜಿ ಕಾಲದ ಮೆಟ್ರಿಕ್ಯುಲೇಷನ್ ಈಗಿಲ್ಲ. ಈಗ ಹೆಜ್ಜೆಹೆಜ್ಜೆಗೂ ವಯಸ್ಸಿನ ಗೇಟು. ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೇ ತರಗತಿ ಕಟ್ಟಲು 14 ವರ್ಷ ಆಗಿರಬೇಕು. ವೈದ್ಯಕೀಯ ಸೀಟಿಗೆ ನೀಟ್ ಬರೆಯುವವರಿಗೆ ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು.

ತಮಿಳುನಾಡಿನಲ್ಲಿ ಐದು ವರ್ಷ ತುಂಬಿದ ಮಗು ಒಂದನೇ ತರಗತಿ ಸೇರುತ್ತದೆ. 2015ರ ಜೂನ್‌ನಲ್ಲಿ ಹುಟ್ಟಿ 2020ರಲ್ಲಿ ಶಾಲೆ ಸೇರಿದ ಮಗುವನ್ನೇ ತೆಗೆದುಕೊಳ್ಳಿ. ಅದು 2032ರ ಬೇಸಿಗೆಗೆ ಪ್ಲಸ್ ಟು ಮುಗಿಸುತ್ತದೆ, ಆ ವರ್ಷವೇ 17 ತುಂಬುತ್ತದೆ. ನಡುವೆ ಒಂದು ಕ್ಲಾಸ್ ಹಾರಿಸಿದರೆ 2031ಕ್ಕೇ ಪ್ಲಸ್ ಟು ಮುಗಿಯುತ್ತದೆ, ಆದರೆ ನೀಟ್‌ಗೆ ವಯಸ್ಸು ಸಾಲದು. ಉಳಿಸಿದ ವರ್ಷವನ್ನು ಮನೆಯಲ್ಲಿ ಕೂತು ಕಳೆಯಬೇಕು! ಎಲ್ಲ ಕೋರ್ಸಿಗೂ ಈ ಮಿತಿ ಇಲ್ಲ ನಿಜ. ಆದರೆ ಮಗು ಮುಂದೆ ಏನಾಗಬೇಕೆಂದು ಮೂರನೇ ತರಗತಿಯಲ್ಲಿ ಯಾರಿಗೆ ಗೊತ್ತಿರುತ್ತದೆ?

ಅತ್ತಿಬೆಲೆ ಗೇಟು ದಾಟಿ ಆನೇಕಲ್, ಬೆಂಗಳೂರು ಕಡೆ ಓದು ಮುಂದುವರಿಸುವವರಿಗೆ ಇನ್ನೊಂದು ಮಾತು. ಕರ್ನಾಟಕದಲ್ಲಿ 2025-26ರಿಂದ ಒಂದನೇ ತರಗತಿಗೆ ಆರು ವರ್ಷ ಎಂಬ ನಿಯಮ ಬಂತು, ಆ ವರ್ಷಕ್ಕೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಲಾಯಿತು. ಅಂದರೆ ನಮ್ಮ ಕಡೆಯ ಮಗು ಆ ಕಡೆಯ ಸಹಪಾಠಿಗಳಿಗಿಂತ ಮೊದಲೇ ಚಿಕ್ಕದು. ಮೇಲೊಂದು ಕ್ಲಾಸ್ ಹಾರಿಸಿದರೆ ಅಂತರ ಸುಮಾರು ಎರಡು ವರ್ಷಕ್ಕೆ ಹೋಗುತ್ತದೆ.

ಭಾಷೆಗೆ ಕಾಲ ಬೇಕು

ಇದಕ್ಕಿಂತ ದೊಡ್ಡ ಲೆಕ್ಕ ಭಾಷೆಯದು. 2006ರ ತಮಿಳು ಕಲಿಕೆ ಕಾಯ್ದೆಯಂತೆ 2006-07ರಲ್ಲಿ ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಗುತ್ತಾ ಬಂತು. 2015-16ಕ್ಕೆ ಹತ್ತನೇ ತರಗತಿ ಮುಟ್ಟಿತು. ಕನ್ನಡ, ತೆಲುಗು, ಉರ್ದು ಮಾತೃಭಾಷೆಯ ಮಕ್ಕಳಿಗೆ ವಿನಾಯ್ತಿ ಕೊಡಿ ಎಂದು ಭಾಷಾ ಅಲ್ಪಸಂಖ್ಯಾತರು ಹೈಕೋರ್ಟ್, ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2023ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟಿದ್ದು ಒಂದು ವರ್ಷದ ಮಟ್ಟಿನ ವಿನಾಯ್ತಿ. ಅದನ್ನೇ ನಂಬಿ ಮಗುವಿನ ಓದು ಯೋಜಿಸಲಾಗದು.

ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಓದು-ಬರಹದ ತಮಿಳು ಸಿಗುವುದು ಶಾಲೆಯಲ್ಲೇ. ಭಿನ್ನರಾಶಿಯನ್ನು ಚುರುಕಾದ ಹುಡುಗಿ ಒಂದು ವಾರದಲ್ಲಿ ತಾನೇ ಬಿಡಿಸಿಕೊಂಡಾಳು. ಒಂದು ವರ್ಷದ ತಮಿಳು ಪಾಠ, ಪದ್ಯ, ವ್ಯಾಕರಣವನ್ನು ಹಾಗೆ ಬಿಡಿಸಿಕೊಳ್ಳಲಾಗದು. ಲೆಕ್ಕ ಬುದ್ಧಿಗೆ ಒಲಿಯುತ್ತದೆ, ಭಾಷೆಗೆ ಕಾಲ ಬೇಕು. ಇಡೀ ಕ್ಲಾಸ್ ಹಾರಿಸಿದರೆ ಗಣಿತದಲ್ಲಿ ಒಂದು ವರ್ಷ ಗಳಿಸಿ ತಮಿಳು, ಇಂಗ್ಲಿಷ್, ಕನ್ನಡ ಮೂರರಲ್ಲೂ ಒಂದೊಂದು ವರ್ಷ ಕಳೆದುಕೊಂಡಂತೆ ಆಗಬಹುದು.

ಒಂದರಲ್ಲಿ ಮುಂದಿದ್ದರೆ ಎಲ್ಲದರಲ್ಲೂ ಮುಂದಲ್ಲ

ಇದಕ್ಕೆ ಈರೋಡ್‌ನಲ್ಲಿ ಹುಟ್ಟಿದ ಶ್ರೀನಿವಾಸ ರಾಮಾನುಜನ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1904ರಲ್ಲಿ ಕುಂಭಕೋಣದ ಸರ್ಕಾರಿ ಕಾಲೇಜಿಗೆ ವಿದ್ಯಾರ್ಥಿವೇತನದೊಂದಿಗೆ ಸೇರಿದ ಹುಡುಗ ಗಣಿತ ಬಿಟ್ಟು ಬೇರೇನೂ ಓದಲಿಲ್ಲ. ವಿದ್ಯಾರ್ಥಿವೇತನ ಕೈತಪ್ಪಿತು. ಮುಂದೆ ಮದ್ರಾಸಿನ ಪಚ್ಚೈಯಪ್ಪ ಕಾಲೇಜು ಸೇರಿದರೂ ಎಫ್.ಎ. ಪರೀಕ್ಷೆ ದಾಟಲಿಲ್ಲ. ಗಣಿತಕ್ಕೆ ಒಂದು ದಾರಿ, ಉಳಿದದ್ದಕ್ಕೆ ಇನ್ನೊಂದು ದಾರಿ ಎಂಬ ಏರ್ಪಾಡು ಅಂದಿನ ಕಾಲೇಜಿನಲ್ಲಿ ಇರಲಿಲ್ಲ.

ಅಂಥ ಏರ್ಪಾಡು ಸಿಕ್ಕಿದ್ದು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 1975ರಲ್ಲಿ ಹುಟ್ಟಿದ ಟೆರೆನ್ಸ್ ಟಾವೊಗೆ. ಎಂಟನೇ ವಯಸ್ಸಿನ ಹೊತ್ತಿಗೆ ಆ ಹುಡುಗ ಗಣಿತಕ್ಕೆ ಪ್ರೌಢಶಾಲೆಯ ಹಿರಿಯ ತರಗತಿಯಲ್ಲಿ, ಬೇರೆ ವಿಷಯಗಳಿಗೆ ಕೆಳಗಿನ ತರಗತಿಯಲ್ಲಿ ಕೂರುತ್ತಿದ್ದ. 1988ರ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಚಿನ್ನ ಗೆದ್ದ, 2006ರಲ್ಲಿ ಫೀಲ್ಡ್ಸ್ ಪದಕ ಪಡೆದ. ನಮ್ಮ ಮಕ್ಕಳೆಲ್ಲ ಟಾವೊ ಆಗಬೇಕಿಲ್ಲ. ಆದರೆ ವಿಷಯಕ್ಕೊಂದು ತರಗತಿ ಎಂಬ ಆ ಏರ್ಪಾಡು ಯಾವ ಮಗುವಿಗಾದರೂ ಹೊಂದುತ್ತದೆ.

ಏಣಿ ನಮ್ಮಲ್ಲೇ ಇದೆ

ಇದೇನು ವಿದೇಶಿ ಸರಕಲ್ಲ. ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ತಮ್ಮದೇ ವೇಗದಲ್ಲಿ ಕಲಿಯುತ್ತಿದ್ದರು. ಅದನ್ನು ನೋಡಿ ಬಂದ ಮೇಷ್ಟ್ರುಗಳು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರು ಮಾಡಿದ್ದೇ ‘ನಲಿ ಕಲಿ’. ತಮಿಳುನಾಡಿನಲ್ಲಿ ಅದೇ ಮಾದರಿ 2003ರಲ್ಲಿ ಚೆನ್ನೈ ಪಾಲಿಕೆ ಶಾಲೆಗಳಿಗೆ ಬಂದು, ಮುಂದೆ ರಾಜ್ಯದಾದ್ಯಂತ ಹರಡಿತು. 2022ರಲ್ಲಿ ಆರಂಭವಾದ ‘ಎಣ್ಣುಂ ಎಳುತ್ತುಂ’ ಯೋಜನೆಯೂ ಮಕ್ಕಳನ್ನು ಅರುಂಬು, ಮೊಟ್ಟು, ಮಲರ್ ಎಂದು ಕಲಿಕೆಯ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡುತ್ತದೆ.

ಅಂದರೆ ‘ಒಂದೇ ವಯಸ್ಸಿನವರೆಲ್ಲ ಒಂದೇ ಪಾಠ ಓದಬೇಕು’ ಎಂಬ ಹಟ ಸರ್ಕಾರಿ ಶಾಲೆಗೇ ಇಲ್ಲ. ಹಿಂದುಳಿದ ಮಗುವನ್ನು ಕೈಹಿಡಿಯಲು ಬಳಸುವ ಏಣಿಯನ್ನೇ ಮುಂದಿರುವ ಮಗು ಹತ್ತಲೂ ಬಿಡಬಹುದು. ಎರಡು-ಮೂರು ತರಗತಿ ಒಂದೇ ಕೋಣೆಯಲ್ಲಿ ಕೂರುವ ಹಳ್ಳಿ ಶಾಲೆಯಲ್ಲಂತೂ ಮೂರರ ಮಗು ನಾಲ್ಕರ ಲೆಕ್ಕ ಮಾಡಲು ಎದ್ದು ಹೋಗಬೇಕಾಗಿಯೂ ಇಲ್ಲ.

ಮೊದಲು ಪರೀಕ್ಷಿಸಿ, ಆಮೇಲೆ ನಿರ್ಧರಿಸಿ

ಹೆತ್ತವರು, ಮೇಷ್ಟ್ರು ಕೂತು ಮಾತಾಡುವಾಗ ಈ ಕೆಲವು ಅಂಶ ಗಮನಿಸಬಹುದು.

ಮಗುವಿಗೆ ಈ ವರ್ಷದ ಕೊನೆಯ ಪ್ರಶ್ನೆಪತ್ರಿಕೆಯನ್ನು ಈಗಲೇ ಕೊಟ್ಟು ನೋಡಿ, ವಿಷಯವಾರು. ಗಣಿತದಲ್ಲಿ ತೊಂಬತ್ತು, ತಮಿಳಿನಲ್ಲಿ ನಲವತ್ತು ಬಂದರೆ ಉತ್ತರ ಅಲ್ಲೇ ಇದೆ. ಗಣಿತಕ್ಕೆ ಮಾತ್ರ ಮೇಲಿನ ತರಗತಿಗೆ ಕಳುಹಿಸಿ. ಇದಕ್ಕೆ ಎರಡೂ ತರಗತಿಯ ಗಣಿತ ಪೀರಿಯಡ್ ಒಂದೇ ಹೊತ್ತಿಗೆ ಬರುವಂತೆ ವೇಳಾಪಟ್ಟಿ ಹೊಂದಿಸಿದರೆ ಸಾಕು.

ಆರೆಂಟು ವಾರ ಪ್ರಯತ್ನ ಎಂದು ಮೊದಲೇ ಮಗುವಿಗೆ ಹೇಳಿ. ಹೊಂದದಿದ್ದರೆ ವಾಪಸ್ ಬರುವುದು ಸೋಲು ಎನಿಸಬಾರದು.

ಮಗುವನ್ನೇ ಕೇಳಿ. ಇಂಥ ನಿರ್ಧಾರಕ್ಕೆಂದು ಅಮೆರಿಕದ ಶಾಲೆಗಳಲ್ಲಿ ಬಳಸುವ ಅಯೋವಾ ಮಾಪಕವು ಇಂಥ ಸಂದರ್ಭಗಳಲ್ಲೂ ಇಡೀ ತರಗತಿ ಏರಿಸುವುದು ಬೇಡ ಎನ್ನುತ್ತದೆ: ಮಗುವಿಗೇ ಇಷ್ಟವಿಲ್ಲದಿದ್ದಾಗ, ಮೇಲಿನ ತರಗತಿಯಲ್ಲಿ ಸ್ವಂತ ಅಣ್ಣನೋ ಅಕ್ಕನೋ ಕೂತಿದ್ದಾಗ. ತಮ್ಮ ಅಣ್ಣನನ್ನು ಹಿಂದೆ ಹಾಕಿದರೆ ಮನೆಯಲ್ಲಿ ಏನಾಗುತ್ತೆ ಎಂದು ನಮ್ಮ ಅಮ್ಮಂದಿರಿಗೆ ಯಾವ ಮಾಪಕವೂ ಹೇಳಿಕೊಡಬೇಕಿಲ್ಲ.

ಕೊನೆಯದು, ಹೆಚ್ಚಿನವರು ಮರೆಯುವುದು: ಐದನೇ ತರಗತಿಯಲ್ಲೇ ಆರರ ಗಣಿತ ಮುಗಿಸಿದ ಮಗು ಮುಂದಿನ ವರ್ಷ ಬೇರೆ ಶಾಲೆಗೆ ಹೋದಾಗ ಅಲ್ಲಿ ಯಾರಿಗೂ ಅದು ಗೊತ್ತಿರುವುದಿಲ್ಲ. ಮತ್ತೆ ಅದೇ ಪಾಠ, ಅದೇ ಬೇಸರ. ಏನು ಮುಗಿದಿದೆ ಎಂದು ಮುಖ್ಯೋಪಾಧ್ಯಾಯರು ಟಿ.ಸಿ. ಜೊತೆ ಒಂದು ಪತ್ರ ಬರೆದುಕೊಟ್ಟರೆ ಆ ವರ್ಷ ಹಾಳಾಗದು.

ಎಲ್ಲ ವಿಷಯದಲ್ಲೂ, ತಮಿಳಿನಲ್ಲೂ ಸೇರಿ, ಸ್ಪಷ್ಟವಾಗಿ ಮುಂದಿರುವ, ತಾನೇ ಬಯಸುವ ಮಗು ಸಿಕ್ಕರೆ ಡಬಲ್ ಪ್ರಮೋಷನ್‌ಗೆ ಹೆದರಬೇಕಿಲ್ಲ. ಅಂಥವರು ಅಪರೂಪ. ಒಂದು ವಿಷಯದಲ್ಲಿ ಮುಂದಿರುವವರು ಅಪರೂಪವಲ್ಲ, ಪ್ರತಿ ಊರಿನಲ್ಲೂ ಇದ್ದಾರೆ. ಅವರಿಗೆ ಬೇಕಾದದ್ದು ಮೇಲಿನ ತರಗತಿಯ ಬೆಂಚಿನಲ್ಲಿ ದಿನಕ್ಕೊಂದು ಪೀರಿಯಡ್ ಜಾಗ. ಹೊಸ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಬರೆಯುವ ಮೊದಲು ಇದನ್ನು ಕೇಳಿದರೆ, ‘ಆಗಲ್ಲ’ ಎನ್ನಲು ಮೇಷ್ಟ್ರಿಗೆ ಕಾರಣ ಸಿಗುವುದು ಕಷ್ಟ.