ಕಿವಿ ಕೇಳದ ನಾಯಕಿ, ಕಾಯುವ ಪತ್ತೇದಾರ

ಕಿವಿ ಕೇಳದ, ಮನೆಯಾಚೆ ಹೆಚ್ಚು ಓಡಾಡದ ಹೆಣ್ಣನ್ನು ಪತ್ತೇದಾರನೊಬ್ಬ ಕಾಪಾಡುತ್ತ ಪ್ರೀತಿಸುವುದು ಅಪರಾಧ ಕಥೆಗಳಲ್ಲಿ ಹಳೆಯ ಎಳೆ. ಕಥೆಗಾರನಿಗೆ ಇದರಿಂದ ದೊಡ್ಡ ಅನುಕೂಲವಿದೆ. ಹಿತ್ತಲ ಬಾಗಿಲಿನ ಚಿಲಕ ಸರಿದ ಸದ್ದು ಓದುಗನಿಗೆ ಗೊತ್ತಾಗುತ್ತದೆ, ಒಲೆಯ ಮುಂದೆ ಕೂತವಳಿಗೆ ಗೊತ್ತಾಗುವುದಿಲ್ಲ. ಇನ್ನು ನಾಯಕ ಓಡಿ ಬರದೆ ವಿಧಿಯಿಲ್ಲ.

ಈ ಬಗೆಯ ಜೋಡಿಗಳಲ್ಲಿ ಹೆಸರಾದದ್ದು ಅಮೆರಿಕದ ಎಡ್ ಮೆಕ್‌ಬೇನ್ 1956ರ ‘ಕಾಪ್ ಹೇಟರ್’ ಕಾದಂಬರಿಯಲ್ಲಿ ತಂದ ಸ್ಟೀವ್ ಕ್ಯಾರೆಲ್ಲಾ ಮತ್ತು ಟೆಡ್ಡಿ. ಆತ ಪೊಲೀಸ್ ಪತ್ತೇದಾರ. ಆಕೆಗೆ ಕಿವಿ ಕೇಳದು, ಮಾತು ಬಾರದು. ಮೊದಲ ಪುಸ್ತಕದಲ್ಲೇ ಅವಳಿಗೆ ಅಪಾಯ ಎದುರಾಗುತ್ತದೆ. ಮುಂದೆ ಮದುವೆ, ಅವಳಿ ಮಕ್ಕಳು. ಸುಮಾರು ಐವತ್ತು ವರ್ಷ ನಡೆದ ಆ ಮಾಲೆಯುದ್ದಕ್ಕೂ ಟೆಡ್ಡಿ ಉಳಿದಳು. ತುಟಿ ಓದುತ್ತಾಳೆ, ಕೈಸನ್ನೆಯಲ್ಲಿ ಗಂಡನೊಂದಿಗೆ ವಾದಕ್ಕೂ ಇಳಿಯುತ್ತಾಳೆ. ಬರೀ ಅಪಾಯಕ್ಕೆ ಒಡ್ಡುವ ಗೊಂಬೆಯಾಗಿದ್ದರೆ ಒಂದೇ ಪುಸ್ತಕಕ್ಕೆ ಅವಳ ಕೆಲಸ ಮುಗಿಯುತ್ತಿತ್ತು. ಇದಕ್ಕೂ ಮುಂಚೆ, 1948ರ ‘ಜಾನಿ ಬೆಲಿಂಡಾ’ ಚಿತ್ರದಲ್ಲಿ ಕಾಪಾಡುವವನು ವೈದ್ಯ. ಹಳ್ಳಿಯ ಕಿವುಡ ಹುಡುಗಿಗೆ ಆತ ಕೈಭಾಷೆ ಕಲಿಸುತ್ತಾನೆ. ಆ ಪಾತ್ರಕ್ಕೆ ಜೇನ್ ವೈಮನ್‌ಗೆ ಆಸ್ಕರ್ ಬಂತು. ಆಕೆಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ನಿಜವಾಗಿ ಕಿವುಡರಾದ ನಟಿ ಮಾರ್ಲೀ ಮ್ಯಾಟ್ಲಿನ್‌ಗೆ ಆ ಪ್ರಶಸ್ತಿ ಸಿಕ್ಕಿದ್ದು 1986ರ ಚಿತ್ರವೊಂದಕ್ಕೆ.

ಕನ್ನಡದಲ್ಲಿ ಪತ್ತೇದಾರರಿಗೇನೂ ಬರವಿರಲಿಲ್ಲ. ಬಸ್ ಕಂಡಕ್ಟರ್ ಆಗಿ ದುಡಿದ ಎನ್. ನರಸಿಂಹಯ್ಯ (1925–2011) ಒಬ್ಬರೇ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಅವರ ಪುರುಷೋತ್ತಮನಿಗಾಗಿ ಜನ ಬಾಡಿಗೆ ಪುಸ್ತಕದಂಗಡಿಯ ಮುಂದೆ ಕಾಯುತ್ತಿದ್ದರು. ತೆರೆಯ ಮೇಲೆ ರಾಜ್‌ಕುಮಾರ್ 1968ರ ‘ಜೇಡರ ಬಲೆ’ಯಿಂದ ಸಿ.ಐ.ಡಿ. 999 ಆದರು. ಆದರೆ ಕಿವುಡ ಹೆಂಡತಿಯ ಗಂಡನಾಗಿ ಅವರು ಕಾಣಿಸಿಕೊಂಡದ್ದು ಅದಕ್ಕೂ ನಾಲ್ಕು ವರ್ಷ ಮುಂಚೆ, ಎನ್. ಲಕ್ಷ್ಮೀನಾರಾಯಣ್ ಅವರ ಮೊದಲ ಚಿತ್ರ ‘ನಾಂದಿ’ಯಲ್ಲಿ (1964). ಅಲ್ಲಿ ಅವರು ಪತ್ತೇದಾರರಲ್ಲ, ಶಾಲಾ ಮಾಸ್ತರು. ಮೊದಲ ಹೆಂಡತಿ ತೀರಿಕೊಂಡ ಮೇಲೆ, ಹರಿಣಿ ನಟಿಸಿದ ಕಿವುಡ ಹೆಣ್ಣನ್ನು ಮದುವೆಯಾಗುತ್ತಾರೆ. ಪಿಸ್ತೂಲಿಲ್ಲ, ಬೆನ್ನಟ್ಟುವ ಕೇಡಿಯಿಲ್ಲ. ಕಿವುಡರ ಶಿಕ್ಷಣವೇ ಚಿತ್ರದ ತಿರುಳು. ಮರುವರ್ಷ, 1965ರಲ್ಲಿ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾಯಿತು. ಕಿವುಡ ನಾಯಕಿಯ ಈ ಕಥೆಗಳಲ್ಲಿ ‘ನಾಂದಿ’ಯೇ ಹೆಚ್ಚು ಗಟ್ಟಿ. ಹೆಣ್ಣಿಗೆ ಕಾವಲು ಬೇಕೆನ್ನುವ ಬದಲು ಕಲಿಕೆ ಬೇಕೆಂದು ಹೇಳುವ ಧೈರ್ಯ ಅದಕ್ಕಿತ್ತು.

ಇಂಥ ನಾಯಕಿ ಮನೆಯೊಳಗೇ ಉಳಿಯುವುದಕ್ಕೆ ಕಾರಣ ಕಿವಿಯೊಂದೇ ಅಲ್ಲ. ರೋಣ ತಾಲ್ಲೂಕಿನ ಮೆಣಸಗಿಯಂಥ ಊರನ್ನೇ ತೆಗೆದುಕೊಳ್ಳಬಹುದು. ಅದಿರುವ ಗದಗ ಜಿಲ್ಲೆಯಲ್ಲಿ ಅಂಧರಿಗೆ ದೊಡ್ಡ ಹೆಸರುಂಟು: ಅಂಧ ಗಾಯಕರಾದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಗದಗಿನಲ್ಲಿದೆ, ಹೊಳೆಆಲೂರಿನಲ್ಲಿ ಅಂಧ ಮಕ್ಕಳ ವಸತಿ ಶಾಲೆಯಿದೆ. ಹಾಡುವವರು ಊರಿಗೆಲ್ಲ ಕೇಳಿಸುತ್ತಾರೆ. ಕಿವುಡರ ಕಡೆ ಆ ಗಮನ ಹರಿಯಲಿಲ್ಲ, ಹರಿಯಲು ಕಾರಣವಿದ್ದರೂ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಇಲ್ಲಿ ಗಟ್ಟಿ. ರಾಜ್ಯದ ಮದುವೆಗಳಲ್ಲಿ ಸುಮಾರು ಕಾಲು ಭಾಗ ರಕ್ತಸಂಬಂಧದಲ್ಲೇ ಆಗುತ್ತವೆ. ಹುಟ್ಟುಗಿವುಡಿಗೆ ವಂಶವಾಹಿ ಕಾರಣವಿದ್ದಲ್ಲಿ ಇದರಿಂದ ಅದರ ಸಾಧ್ಯತೆ ಹೆಚ್ಚುತ್ತದೆ.

ಶಾಲೆಗೆ ಹೋಗದ ಕಿವುಡ ಹುಡುಗಿ ಮನೆಯವರೊಂದಿಗೆ ತನ್ನದೇ ಸನ್ನೆಗಳನ್ನು ಕಟ್ಟಿಕೊಳ್ಳುತ್ತಾಳೆ. ರೊಟ್ಟಿ ಬಡಿಯುವಂತೆ ಅಂಗೈ ತಟ್ಟಿದರೆ ಊಟ, ಹಣೆಯ ಮೇಲೆ ಬೆರಳೆಳೆದರೆ ವಿಭೂತಿ ಹಚ್ಚುವ ಅಜ್ಜ. ಅವ್ವನಿಗೆ ಎಲ್ಲ ತಿಳಿಯುತ್ತದೆ, ಪಕ್ಕದ ಓಣಿಯವರಿಗೆ ಅರ್ಧ, ರೋಣದ ಠಾಣೆಗೆ ಏನೂ ಇಲ್ಲ. ಅವಳು ಕಣ್ಣಾರೆ ಕಂಡ ಅಪರಾಧ ಅವ್ವನ ಬಾಯಿಂದಲೇ ಹೊರಬರಬೇಕು. ಆರೋಪಿ ಮನೆಯವನೇ ಆಗಿದ್ದರೆ ಅದೂ ಇಲ್ಲ.

ಕಾನೂನು ಈ ತೊಡಕನ್ನು ಬಲ್ಲದು. ಮಾತು ಬಾರದ ಸಾಕ್ಷಿ ಬರೆದು ಇಲ್ಲವೇ ಸನ್ನೆಯಲ್ಲಿ ತೆರೆದ ನ್ಯಾಯಾಲಯದಲ್ಲಿ ಹೇಳಬಹುದೆಂದು 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು. 2013ರ ತಿದ್ದುಪಡಿ ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವನ್ನೂ ವಿಡಿಯೊ ದಾಖಲೆಯನ್ನೂ ಸೇರಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ ಅದನ್ನೇ ಉಳಿಸಿಕೊಂಡಿದೆ. ಲೈಂಗಿಕ ಅಪರಾಧಕ್ಕೆ ಗುರಿಯಾದ ಅಂಗವಿಕಲ ಹೆಣ್ಣುಮಗಳ ದೂರನ್ನು ಪೊಲೀಸರು ಅವಳ ಮನೆಗೋ ಅವಳು ಹೇಳಿದ ಜಾಗಕ್ಕೋ ಹೋಗಿ, ದುಭಾಷಿಯ ಎದುರಿನಲ್ಲಿ ಬರೆದುಕೊಳ್ಳಬೇಕು.

ಪ್ರೇಮಕಥೆಗೂ ಕಾನೂನಿಗೂ ಜಗಳ ಹತ್ತುವುದು ಇಲ್ಲೇ. ಅವಳ ಸನ್ನೆ ತನಗೊಬ್ಬನಿಗೇ ತಿಳಿಯುತ್ತದೆ ಎನ್ನುವ ಪತ್ತೇದಾರ ಕಾದಂಬರಿಯಲ್ಲಿ ನಾಯಕ. ನ್ಯಾಯಾಲಯದಲ್ಲಿ ಅವನೇ ಮೊಕದ್ದಮೆಯ ಬಿರುಕು. ರಾಜಸ್ಥಾನದ ಕೊಲೆ ಪ್ರಕರಣವೊಂದರಲ್ಲಿ ಕೊಲೆಯಾದವನ ಹೆಂಡತಿಯೇ ಮುಖ್ಯ ಸಾಕ್ಷಿ. ಕಿವಿ ಕೇಳದ, ಮಾತು ಬಾರದ ಆಕೆಯ ಸನ್ನೆಗಳನ್ನು ತಂದೆ ಬಿಡಿಸಿ ಹೇಳಿದ್ದರು, ಪ್ರಮಾಣವಚನವಿಲ್ಲದೆ. 2012ರಲ್ಲಿ ಸುಪ್ರೀಂ ಕೋರ್ಟ್ ಆರೋಪಿಯ ಬಿಡುಗಡೆಯನ್ನು ಎತ್ತಿಹಿಡಿಯಿತು. ದುಭಾಷಿ ಅದೇ ಪರಿಸರದವನಿರಲಿ, ಆದರೆ ಪ್ರಕರಣದಲ್ಲಿ ಆಸಕ್ತಿ ಉಳ್ಳವನಾಗಿರಬಾರದು, ಪ್ರಮಾಣ ಮಾಡಿರಬೇಕು, ಸಾಕ್ಷಿಗೆ ಓದುಬರಹ ಬಂದರೆ ಬರೆಸುವುದೇ ಮೇಲು ಎಂದಿತು. ತಂದೆಗೇ ಇಷ್ಟು ಕಟ್ಟುನಿಟ್ಟಾದರೆ ಪ್ರೇಮಿಯ ಪಾಡು ಕೇಳುವುದೇ ಬೇಡ.

ಹಾಗಾಗಿ ಭಾರತೀಯ ಸಂಜ್ಞಾ ಭಾಷೆ ಕಲಿತವಳ ಸಾಕ್ಷ್ಯ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ. ಅದನ್ನು ಅವಳ ಪರಿಚಯವೇ ಇಲ್ಲದ ದುಭಾಷಿಯೂ ಓದಬಲ್ಲ. ಆ ಭಾಷೆಯ ತರಬೇತಿಗೆಂದು ದೆಹಲಿಯಲ್ಲಿ 2015ರಲ್ಲಿ ಕೇಂದ್ರವೊಂದು ಶುರುವಾಗಿದ್ದು, ಅದರ ವಿಡಿಯೊ ನಿಘಂಟು 2021ರ ಹೊತ್ತಿಗೆ 10,000 ಪದ ಮುಟ್ಟಿತ್ತು. ಮನೆಯ ಸನ್ನೆಯಷ್ಟೇ ಬಲ್ಲವಳಿಗೆ ವಿಡಿಯೊ ದಾಖಲೆಯೇ ಆಸರೆ: ಮೊದಲ ದುಭಾಷಿ ಹೇಳಿದ್ದು ಸರಿಯೇ ಎಂದು ಎರಡನೆಯವರು ಅವಳ ಕೈಗಳನ್ನೇ ನೋಡಿ ತಾಳೆ ಹಾಕಬಹುದು.